ನನ್ನ ಕೆಮ್ಮಿಗೆ ಊರೆಲ್ಲ ವೈದ್ಯರು

ನಮ್ಮ ಬೀದಿಯಲ್ಲಿ ಯಾರಾದರೂ ಒಂದು ಸಲ ಕೆಮ್ಮಿದರೆ ಸಾಕು, ಹತ್ತು ಮನೆಯಿಂದ ಹತ್ತು ಔಷಧಿ ಬರುತ್ತವೆ. ನಾನೂ ಕೊಟ್ಟವಳೇ. ಬೇರೆಯವರಿಗೆ ಬಾಯಿತುಂಬ ಸಲಹೆ ಹೇಳಿದವಳು ನಾನೇ ಎರಡು ತಿಂಗಳು ಕೆಮ್ಮಿ ಕೆಮ್ಮಿ ಹಣ್ಣಾದ ಕಥೆ ಇದು. ನನ್ನಂಥ ಸೋದರಿಯರು ಎಷ್ಟು ಜನ ಇದ್ದಾರೋ ಎಂದು ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

2023ರ ಏಪ್ರಿಲ್‌ನಲ್ಲಿ ಅತ್ತೆಯವರ ಕಣ್ಣಿನ ಪೊರೆ ತೋರಿಸಲು ಜಿಲ್ಲಾ ಕೇಂದ್ರಕ್ಕೆ ಹೋಗಿದ್ದೆವು. ಅಲ್ಲಿಯ ನರ್ಸಮ್ಮ ಅತ್ತೆಗೆ ಬಿ.ಪಿ. ನೋಡಿ, "ನೀವೂ ಒಂದ್ಸಲ ಕೈ ಕೊಡಿ ಅಕ್ಕಾ" ಅಂದರು. ಅತ್ತೆಗೆ ಸರಿಯಾಗಿತ್ತು, ನನಗೆ 158/100! ತಲೆನೋವಿಲ್ಲ, ತಲೆಸುತ್ತಿಲ್ಲ, ದಿನಾ ಎರಡು ಬಿಂದಿಗೆ ನೀರು ಹೊರುವವಳು ನಾನು. ನಂಬಿಕೆ ಬರಲಿಲ್ಲ. ವಾರ ಬಿಟ್ಟು ಎರಡು ಸಲ ನೋಡಿಸಿದರೂ ಅಷ್ಟೇ ಇತ್ತು. ಅಲ್ಲೇ ಒಬ್ಬ ದೊಡ್ಡ ಡಾಕ್ಟರಿಗೆ ತೋರಿಸಿದಾಗ ಎನಲಾಪ್ರಿಲ್ ಎಂಬ ಮಾತ್ರೆ ಬರೆದುಕೊಟ್ಟರು. ಒಳಗೆ ಹೋಗಿ ಹೊರಗೆ ಬರುವುದಕ್ಕೆ ಎರಡು ನಿಮಿಷ ಹಿಡಿಯಿತೋ ಇಲ್ಲವೋ. ಒಂದೇ ತಿಂಗಳಲ್ಲಿ ಬಿ.ಪಿ. 134/86ಕ್ಕೆ ಇಳಿಯಿತು, ಅದನ್ನು ಇಲ್ಲ ಎನ್ನಲಾರೆ.

ನಾನು ಮಾತ್ರೆಯನ್ನು ಅಷ್ಟು ನಿಷ್ಠೆಯಿಂದ ನುಂಗಿದ್ದಕ್ಕೆ ಕಾರಣವಿದೆ. ನಮ್ಮ ಅಮ್ಮನಿಗೂ ಬಿ.ಪಿ. ಇತ್ತು. "ಇಂಗ್ಲಿಷ್ ಮಾತ್ರೆ ಒಂದ್ಸಲ ಹಿಡಿದರೆ ಸಾಯೋವರೆಗೂ ಬಿಡೋದಿಲ್ಲ" ಎಂದು ಜಾತ್ರೆಯಲ್ಲಿ ಯಾರೋ ಹೇಳಿ ಒಂದು ಬೇರು ಕೊಟ್ಟರು. ಅಮ್ಮ ಮಾತ್ರೆ ಬಿಟ್ಟು ಬೇರು ತೇದು ಕುಡಿದರು. ಎಂಟು ತಿಂಗಳಾದ ಮೇಲೆ, 2011ರಲ್ಲಿ, ಒಂದು ಬೆಳಗ್ಗೆ ರಂಗೋಲಿ ಹಾಕುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿಬಿಟ್ಟರು. ಬಲಗೈ ಬಲಗಾಲು ಹೋಯಿತು, ಮಾತು ಹೋಯಿತು. ಮೂರು ವರ್ಷ ಹಾಸಿಗೆಯಲ್ಲಿದ್ದರು. ಎಡಗೈಯಲ್ಲಿ ನನ್ನ ಸೆರಗು ಹಿಡಿದು ಏನೋ ಹೇಳಲು ಹೋಗುವರು, ಬರೀ ಸದ್ದು ಬರುವುದು. ಅದನ್ನು ಕಂಡವಳಿಗೆ ಮಾತ್ರೆ ಬಿಡುವ ಧೈರ್ಯ ಎಲ್ಲಿಂದ ಬರಬೇಕು?

ಜುಲೈ ಕೊನೆಯಲ್ಲಿ ಕೆಮ್ಮು ಶುರುವಾಯಿತು. ಕಫವಿಲ್ಲ, ಜ್ವರವಿಲ್ಲ, ನೆಗಡಿಯೂ ಇಲ್ಲ. ಗಂಟಲೊಳಗೆ ಯಾರೋ ಕೋಳಿಪುಕ್ಕ ಇಟ್ಟು ಆಡಿಸಿದ ಹಾಗೆ ಕಚಗುಳಿ. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ತಲೆ ದಿಂಬಿಗಿಟ್ಟರೆ ಹಿಡಿದುಕೊಳ್ಳುವುದು. ನಮ್ಮವರ ನಿದ್ದೆ ಕೆಡಬಾರದೆಂದು ಎದ್ದು ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ಕೂರುತ್ತಿದ್ದೆ. ಇನ್ನೊಂದು ಮಾತು. ಮೂರು ಹೆತ್ತ ಹೆಂಗಸಿಗೆ ಜೋರಾಗಿ ಕೆಮ್ಮಿದರೆ ಸೀರೆ ಒದ್ದೆಯಾಗುತ್ತದೆ. ಇದನ್ನು ಯಾರಿಗೆ ಹೇಳುವುದು? ವರಮಹಾಲಕ್ಷ್ಮಿ ಹಬ್ಬದ ದಿನ ಐದು ಮನೆಗೆ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಆ ಭಯಕ್ಕೇ ಒಂದು ಮನೆಗೂ ಹೋಗಲಿಲ್ಲ. ಜಂಬ ಬಂದಿದೆ ಎಂದರಂತೆ.

ಇನ್ನು ಸಲಹೆಗಳು. ಅತ್ತೆಯವರು ಜೇಷ್ಠಮಧು, ಶುಂಠಿ, ಮೆಣಸು, ತುಳಸಿ ಕುಟ್ಟಿ ಕಷಾಯ ಮಾಡಿಕೊಟ್ಟರು. ಅವರ ಕೈಗುಣ ನಮ್ಮ ಬೀದಿಯಲ್ಲೇ ಹೆಸರುವಾಸಿ, ನನ್ನ ಮಕ್ಕಳ ಕೆಮ್ಮೆಲ್ಲ ಅದರಲ್ಲೇ ಹೋಗಿದ್ದು. ಎರಡು ದಿನಕ್ಕೆ ಕಡಿಮೆಯಾಗಲಿಲ್ಲವೆಂದು ಜೇಷ್ಠಮಧು ಇನ್ನಷ್ಟು ಹಾಕಿದರು. ಆರು ವಾರ, ಹೊತ್ತಿಗೊಂದು ಲೋಟ. ಮೆಡಿಕಲ್ ಸ್ಟೋರಿನ ಹುಡುಗ ಸಿರಪ್ ಕೊಟ್ಟ, ಮುಗಿದಾಗ ಇನ್ನೊಂದು ಕೊಟ್ಟ. ಎದುರುಮನೆ ಮೇಷ್ಟ್ರ ಹೆಂಡತಿ, "ಇದು ಅಲರ್ಜಿ ಕಣ್ರೀ, ಒಗ್ಗರಣೆ ಹೊಗೆ" ಅಂದರು. ನನ್ನ ತಂಗಿಯ ಫೋನಿಗೆ ಯಾವುದೋ ವಿಡಿಯೋ ಬಂದಿತ್ತಂತೆ. "ಅಕ್ಕಾ, ಬಿ.ಪಿ. ಮಾತ್ರೆಯಿಂದ ಕಿಡ್ನಿ ಹೋಗುತ್ತಂತೆ ಕಣೆ, ಮೊದಲು ಬಿಟ್ಟುಬಿಡು" ಎಂದು ಅತ್ತಳು. ಅಮ್ಮನ ಹಾಸಿಗೆಯ ಪಕ್ಕ ನನ್ನ ಜೊತೆ ಕೂತಿದ್ದವಳೇ ಹೀಗೆ ಹೇಳಿದಾಗ ನನಗೂ ತಲೆ ಕೆಟ್ಟಿತು.

ಆಗಸ್ಟ್‌ನಲ್ಲಿ ಯಾರಿಗೂ ಹೇಳದೆ ನಾಲ್ಕು ದಿನ ಮಾತ್ರೆ ಬಿಟ್ಟೆ. ಕೆಮ್ಮು ಒಂದು ಚೂರೂ ಕಡಿಮೆಯಾಗಲಿಲ್ಲ. ಐದನೇ ದಿನ ಅಮ್ಮನ ಮುಖ ಕಣ್ಣಮುಂದೆ ಬಂದು, ಬೆವರಿ, ಎದ್ದು ಮಾತ್ರೆ ನುಂಗಿದೆ. ಸರಿ, ಮಾತ್ರೆಗೂ ಕೆಮ್ಮಿಗೂ ಸಂಬಂಧವಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಆ ದೊಡ್ಡ ಡಾಕ್ಟರ ಹತ್ತಿರ ಮತ್ತೆ ಹೋಗಬಹುದಿತ್ತು. ಐನೂರು ರೂಪಾಯಿ ಫೀಸು, ಬಸ್ಸಿನ ಖರ್ಚು, ಒಂದು ದಿನದ ಅಡುಗೆ ಯಾರು ಮಾಡುತ್ತಾರೆ ಎಂದೆಲ್ಲ ಲೆಕ್ಕ ಹಾಕಿ ಹೋಗಲಿಲ್ಲ. ಸಿರಪ್ಪಿಗೆ ಅದಕ್ಕಿಂತ ಹೆಚ್ಚು ಸುರಿದಿದ್ದೆ ಅನ್ನಿ.

ಸೆಪ್ಟೆಂಬರ್ ಮೊದಲ ವಾರ ದೊಡ್ಡ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು ಕೇಸರಿಬಾತು ತಂದಿಡುವ ಹೊತ್ತಿಗೆ ನನಗೆ ಕೆಮ್ಮು ಹತ್ತಿಕೊಂಡಿತು. ತಟ್ಟೆ ಅಲ್ಲೇ ಇಟ್ಟು ಹಿತ್ತಲಿಗೆ ಓಡಿದೆ. ತಿರುಗಿ ಬಂದಾಗ ಗಂಡಿನ ತಾಯಿ ಮೆಲ್ಲಗೆ ಕೇಳಿದರು, "ಎಷ್ಟು ದಿನದಿಂದ ಇದೆ ಇದು? ಮನೆಯಲ್ಲಿ ಬೇರೆ ಯಾರಿಗಾದರೂ ಉಂಟಾ?" ಅವರು ಹೇಳದೆ ಬಿಟ್ಟ ಮಾತು ಎಲ್ಲರಿಗೂ ತಿಳಿಯಿತು. ಕ್ಷಯ. ಮಗಳು ತಲೆ ತಗ್ಗಿಸಿ ಕೂತಿದ್ದಳು. ಆ ಸಂಬಂಧ ಮುಂದುವರಿಯಲಿಲ್ಲ. ಜಾತಕ ಕೂಡಲಿಲ್ಲವೆಂದು ಹೇಳಿ ಕಳಿಸಿದರು, ಇರಬಹುದು.

ಮಾರನೇ ದಿನವೇ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಮನೆಗೆ ಬಂದಳು. ಯಾರು ಹೇಳಿದರೋ ಗೊತ್ತಿಲ್ಲ. "ಅಕ್ಕಾ, ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ರೆ ಕಫ ಪರೀಕ್ಷೆ ಮಾಡಿಸ್ಲೇಬೇಕು, ಸರ್ಕಾರಿ ಆಸ್ಪತ್ರೇಲಿ ದುಡ್ಡು ಕೇಳೋದಿಲ್ಲ" ಅಂದಳು. ಅತ್ತೆಗೆ ಅವಮಾನವಾಯಿತು, ನನಗೆ ಒಳಗೊಳಗೇ ಸಮಾಧಾನವಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ಸಲ ಕಫ ಕೊಟ್ಟೆ, ಎದೆಯ ಫೋಟೋ ತೆಗೆದರು. ಕ್ಷಯವಿಲ್ಲ ಎಂದು ಗೊತ್ತಾಯಿತು. ಹಾಗಾದರೆ ಏನು? ಅಲ್ಲಿದ್ದ ಡಾಕ್ಟರಮ್ಮ ನೋಡಿದರೆ ಇನ್ನೂ ಚಿಕ್ಕ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ನನ್ನ ಎದೆ ನೋಡಿ, ಬಿ.ಪಿ. ನೋಡಿ, ಮುಖ ಗಂಟಿಕ್ಕಿದಳು. 166/102 ಇತ್ತು. ಪಾದ ಒತ್ತಿ ನೋಡಿದಳು, ಬೆರಳಿನ ಗುಳಿ ಹಾಗೇ ಉಳಿಯಿತು. "ಆಂಟೀ, ಇವತ್ತು ಔಷಧಿ ಬರೆಯೋದಿಲ್ಲ. ಮನೇಲಿ ನೀವು ಬಾಯಿಗೆ ಹಾಕ್ಕೊಳ್ಳೋ ಔಷಧಿ, ಪುಡಿ, ಎಣ್ಣೆ ಎಲ್ಲಾನೂ ನಾಳೆ ಒಂದು ಚೀಲದಲ್ಲಿ ತನ್ನಿ" ಅಂದಳು.

"ನಿನ್ನೆ ಮೊನ್ನೆ ಕಾಲೇಜು ಬಿಟ್ಟವಳಿಗೆ ಏನು ಗೊತ್ತು?" ಎಂದರು ಅತ್ತೆ. ಆದರೂ ಕಷಾಯದ ಪುಡಿಯ ಡಬ್ಬ ತಾವೇ ಚೀಲಕ್ಕೆ ಹಾಕಿದರು.

ಆ ಹುಡುಗಿ ಒಂದೊಂದನ್ನೇ ಮೇಜಿನ ಮೇಲಿಟ್ಟು ನೋಡಿದಳು. ಎನಲಾಪ್ರಿಲ್ ಪಟ್ಟಿ ಕಂಡಾಗ, "ಕೆಮ್ಮು ಇದನ್ನು ಶುರುಮಾಡಿ ಎಷ್ಟು ದಿನಕ್ಕೆ ಬಂತು?" ಎಂದಳು. ಎರಡು ತಿಂಗಳ ಮೇಲೆ ಬಂದಿದ್ದರಿಂದ ನಾವ್ಯಾರೂ ಎರಡನ್ನೂ ಸೇರಿಸಿ ನೋಡಿರಲಿಲ್ಲ. 'ಪ್ರಿಲ್' ಎಂದು ಮುಗಿಯುವ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದಂತೆ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚಂತೆ. ರಕ್ತನಾಳ ಬಿಗಿಯಾಗುವುದನ್ನು ಆ ಮಾತ್ರೆ ತಡೆಯುತ್ತದೆ. ಆದರೆ ಅದರ ಜೊತೆಗೆ ನಮ್ಮ ಮೈಯಲ್ಲಿ ದಿನಾ ಕರಗಬೇಕಾದ ಇನ್ನೊಂದು ವಸ್ತು ಕರಗದೆ ನಿಲ್ಲುತ್ತದೆ, ಅದೇ ಗಂಟಲಲ್ಲಿ ಕಚಗುಳಿ ಇಡುತ್ತದೆ. ಬಚ್ಚಲ ಮೋರಿ ಕಟ್ಟಿಕೊಂಡರೆ ನೀರು ನಿಂತ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ನನ್ನ ನಾಲ್ಕು ದಿನದ ಗುಟ್ಟನ್ನೂ ಹೇಳಿದೆ. ಬೈಯುತ್ತಾಳೆಂದು ಹೆದರಿದ್ದೆ, ಅವಳು ನಕ್ಕಳು. ಮಾತ್ರೆ ಬಿಟ್ಟರೂ ಕೆಮ್ಮು ಹೋಗಲು ಒಂದರಿಂದ ನಾಲ್ಕು ವಾರ ಬೇಕಂತೆ, ಕೆಲವರಿಗೆ ಮೂರು ತಿಂಗಳೂ ಹಿಡಿಯುವುದಂತೆ. ನಾಲ್ಕು ದಿನದ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ!

ಆಮೇಲೆ ಕಷಾಯದ ಡಬ್ಬ ತೆರೆದು ಮೂಸಿದಳು. "ಇದರಲ್ಲಿ ಜೇಷ್ಠಮಧು ಇದೆಯಾ?" ಇದೆ ಅಂದೆ. ಅದನ್ನು ದಿನಾ ಹೆಚ್ಚಾಗಿ ತೆಗೆದುಕೊಂಡರೆ ಮೈಯಲ್ಲಿ ಉಪ್ಪು ನೀರು ನಿಲ್ಲುತ್ತದೆ, ಬಿ.ಪಿ. ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ ಎಂದಳು. ರಕ್ತ ಪರೀಕ್ಷೆಯಲ್ಲಿ ನನ್ನದು ಕಡಿಮೆಯೇ ಇತ್ತು. ಸಿರಪ್ಪಿನ ಬಾಟಲಿಯ ಮೇಲಿನ ಇರುವೆಗಾತ್ರದ ಇಂಗ್ಲಿಷ್ ಅಕ್ಷರ ಓದಿ ತೋರಿಸಿದಳು. ಮೂಗು ಕಟ್ಟಿದ್ದು ಬಿಡಿಸುವ ಫಿನೈಲೆಫ್ರಿನ್ ಅದರಲ್ಲಿತ್ತು, ಅದೂ ರಕ್ತನಾಳ ಬಿಗಿ ಮಾಡುವಂಥದೇ. ಎಸ್ಸೆಸ್ಸೆಲ್ಸಿ ಓದಿದವಳು ನಾನು, ಕಣ್ಣು ಕಿರಿದು ಮಾಡಿಯಾದರೂ ಓದಬಹುದಿತ್ತು. ಓದಲು ಹೋಗಲೇ ಇಲ್ಲ. ಮಾತ್ರೆಯಿಂದ ಬಂದ ಕೆಮ್ಮಿಗೆ ಔಷಧಿ ಕುಡಿದು, ಆ ಔಷಧಿಯಿಂದ ಬಿ.ಪಿ. ಏರಿಸಿಕೊಂಡು ಕೂತಿದ್ದೆ.

ಅಲ್ಲಿ ಕೂತಾಗ ನನಗೆ ಹೊಳೆದದ್ದು ಒಂದೇ. ಪ್ರೀತಿ ಮಾಡಿದವರು, ಹೆಸರು ಮಾಡಿದವರು ಎಲ್ಲರೂ ನನಗೆ ಹೇಳಿದ್ದರು. ನೀನು ಈಗ ಏನೇನು ತಗೋತಿದ್ದೀಯ ಎಂದು ಕೇಳಿದವರು ಯಾರೂ ಇರಲಿಲ್ಲ. ನಾನಾದರೂ ಕೇಳುತ್ತಿದ್ದೆನೇ?

ಮಾತ್ರೆ ಬದಲಾಯಿಸಿ ಟೆಲ್ಮಿಸಾರ್ಟನ್ ಕೊಟ್ಟಳು, ಕಷಾಯ ಸಿರಪ್ ಎರಡನ್ನೂ ನಿಲ್ಲಿಸಿದಳು. ಹದಿನೈದು ದಿನಕ್ಕೆ ಮತ್ತೆ ಬರಬೇಕು ಎಂದಳು. ಕೆಮ್ಮು ಬರೀ ಕಾಟ, ಆದರೆ 'ಪ್ರಿಲ್' ಮಾತ್ರೆ ತಗೊಳ್ಳುವವರಿಗೆ ತುಟಿ, ನಾಲಿಗೆ, ಮುಖ ಊದಿಕೊಂಡರೆ ಮಾತ್ರ ಕಾಯದೆ ಆಸ್ಪತ್ರೆಗೆ ಓಡಬೇಕು ಎಂದು ಎರಡು ಸಲ ಹೇಳಿದಳು. ಇಬ್ಬರು ಮಕ್ಕಳಿರುವ ನನ್ನ ನಾದಿನಿಗೂ ಬಿ.ಪಿ. ಇದೆ, ಮಿಕ್ಕ ಮಾತ್ರೆ ಅವಳಿಗೆ ಕೊಡಲೇ ಎಂದು ಕೇಳಿದೆ. ಬೇಡವೇ ಬೇಡ ಎಂದು ಕಸಿದುಕೊಂಡಳು. ಬಸುರಿಯಾದವರು ಇಂಥ ಮಾತ್ರೆ ತೆಗೆದುಕೊಂಡರೆ ಮಗುವಿಗೆ ತೊಂದರೆಯಂತೆ, ನನಗೆ ಕೊಟ್ಟ ಹೊಸದೂ ಅಷ್ಟೇ. ನನಗಾದ ತೊಂದರೆಯನ್ನು ಒಂದು ಫಾರಂನಲ್ಲಿ ಬರೆದುಕೊಂಡಳು. ಔಷಧಿಯಿಂದಾದ ತೊಂದರೆಗಳ ಲೆಕ್ಕ ಇಡಲು 2010ರಿಂದ ಸರ್ಕಾರದ ವ್ಯವಸ್ಥೆ ಇದೆ, ನಮ್ಮಂಥವರೂ 1800-180-3024ಕ್ಕೆ ಫೋನ್ ಮಾಡಿ ಹೇಳಬಹುದು ಎಂದು ತಿಳಿಸಿದಳು.

ಮನೆಗೆ ಬಂದು ಅತ್ತೆಗೆ ಜೇಷ್ಠಮಧುವಿನ ವಿಷಯ ಹೇಗೆ ಹೇಳುವುದೆಂದು ಮೂರು ದಿನ ಒದ್ದಾಡಿದೆ. ಹೇಳಿದ ಮೇಲೆ ಅವರು ಏನೂ ಮಾತಾಡಲಿಲ್ಲ. ರಾತ್ರಿ ಊಟ ಮಾಡಲಿಲ್ಲ. "ನಿನಗೆ ವಿಷ ಹಾಕಿದೆನಾ ನಾನು?" ಎಂದು ಮಲಗುವಾಗ ಕೇಳಿದರು. ಅವರ ಕಾಲು ಒತ್ತುತ್ತಾ, "ಮಕ್ಕಳಿಗೆ ನಾಲ್ಕು ದಿನ ಕೊಟ್ಟಿದ್ದು ಅಮೃತವೇ ಅತ್ತೆ, ನಾನು ಆರು ವಾರ ಕುಡಿದೆನಲ್ಲ, ಅದೂ ಬಿ.ಪಿ. ಇರೋಳು" ಅಂದೆ. ಆ ವಿಷದ ಮಾತಿಗೆ ನಮ್ಮ ಮಗ ಇನ್ನೊಂದು ಕಥೆ ಸೇರಿಸಿದ. 'ಪ್ರಿಲ್' ಮಾತ್ರೆಗಳ ಪೈಕಿ ಮೊದಲನೆಯದಾದ ಕ್ಯಾಪ್ಟೋಪ್ರಿಲ್ ಹುಟ್ಟಿದ್ದು ಬ್ರೆಜಿಲ್ ದೇಶದ ಒಂದು ವಿಷದ ಹಾವಿನಿಂದಂತೆ. ಆ ಹಾವು ಕಚ್ಚಿದರೆ ಬಿ.ಪಿ. ಇಳಿದುಹೋಗುವುದನ್ನು ಕಂಡು, ಅದರ ವಿಷ ಪರೀಕ್ಷಿಸಿ, ಅದೇ ಗುಣ ಬರುವಂತೆ ಮಾತ್ರೆ ಮಾಡಿದರಂತೆ. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. "ಅದಕ್ಕೇ ಬುಸುಗುಟ್ಟುತ್ತಿದ್ದಳು ನಿಮ್ಮಮ್ಮ" ಎಂದರು ನಮ್ಮವರು. ಅತ್ತೆಯೂ ನಕ್ಕರು.

ಹೊಸ ಮಾತ್ರೆ ಶುರುವಾದ ಮೇಲೂ ಕೆಮ್ಮು ನಿಲ್ಲಲಿಲ್ಲ. ಎರಡನೇ ವಾರ ತಂಗಿ ಮತ್ತೆ ಫೋನ್ ಮಾಡಿ, "ನೋಡಿದೆಯಾ, ಆ ಡಾಕ್ಟರಿಗೂ ಗೊತ್ತಿಲ್ಲ" ಅಂದಳು. ನನಗೂ ಹಾಗೇ ಅನ್ನಿಸಿದ್ದು ಸುಳ್ಳಲ್ಲ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ರಾತ್ರಿ ಎಷ್ಟು ಸಲ ಎದ್ದೆ ಎಂದು ಗುರುತು ಹಾಕುತ್ತಾ ಹೋದೆ. ಐದು, ಐದು, ನಾಲ್ಕು, ಐದು, ಮೂರು. ಆಯುಧಪೂಜೆಯ ದಿನ ನಮ್ಮವರು ಸ್ಕೂಟರಿಗೆ ನಿಂಬೆಹಣ್ಣು ಇಡುತ್ತಾ, "ನಿನ್ನೆ ರಾತ್ರಿ ನೀನು ಏಳಲೇ ಇಲ್ಲ" ಅಂದರು. ಕ್ಯಾಲೆಂಡರ್ ನೋಡಿದರೆ ಅದಕ್ಕೆ ಮುಂಚೆ ಎರಡು ದಿನದಿಂದ ಗುರುತೇ ಇರಲಿಲ್ಲ. ಬಿ.ಪಿ. 132/84ಕ್ಕೆ ಬಂದಿತ್ತು, ಪಾದ ಇಳಿದಿತ್ತು.

ಈಗ ನಮ್ಮ ಬೀದಿಗೆ ನಾನೇ ಡಾಕ್ಟರಾಗಿದ್ದೇನೆ, ಬೇಡವೆಂದರೂ ಬಿಡುವುದಿಲ್ಲ. ಮೊನ್ನೆ ಎದುರುಮನೆ ಮೇಷ್ಟ್ರ ಹೆಂಡತಿಗೆ ಕೆಮ್ಮು ಬಂತು. "ನಿಮ್ಮ ಹೊಸ ಮಾತ್ರೆ ಹೆಸರು ಬರೆದುಕೊಡಿ, ಅದರಿಂದಲೇ ಅಲ್ವಾ ನಿಮಗೆ ಹೋಗಿದ್ದು?" ಎಂದು ಚೀಟಿ ಪೆನ್ನು ಹಿಡಿದೇ ಬಂದರು. ನಾನು ಬರೆದುಕೊಡಲಿಲ್ಲ. ಅವರ ಮನೆಯಲ್ಲಿರುವುದನ್ನೆಲ್ಲ ಒಂದು ಚೀಲಕ್ಕೆ ತುಂಬಿಸಿ, ಜೊತೆಗೆ ನಾನೇ ಆಸ್ಪತ್ರೆಗೆ ಹೋದೆ. ಅವರಿಗೆ ಬಿ.ಪಿ.ಯೇ ಇರಲಿಲ್ಲ. ಇದ್ದದ್ದು ಆಸ್ತಮಾ. ಒಗ್ಗರಣೆ ಹೊಗೆಯ ಮಾತು ಅವರ ಮಟ್ಟಿಗೆ ನಿಜವೇ ಆಗಿತ್ತು.