ನೆಲ ನೋಡಿ ಅಟ್ಟೆ

ಕಳೆದ ವಾರ ಮರಳಲ್ಲಿ ಸೈಕಲ್ ಹಿಡ್ಕೊಂಡು ನಿಂತ ಫೋಟೋ ಹಾಕಿದ್ದೆ. ನಮ್ಮ ಕಡೆಯ ಇಬ್ಬರು ಹುಡುಗೀರು ಇನ್‌ಬಾಕ್ಸಲ್ಲಿ ಕೇಳಿದ್ರು: "ಅಕ್ಕಾ, ಅದು ಯಾವ ಸೈಕಲ್ಲು? ಟೈರ್ ಯಾವುದು? ನಾವೂ ಇಂಥ ರೇಸಿಗೆ ಹೋಗ್ಬೇಕಂದ್ರೆ ಏನ್ ತಗೋಬೇಕು?" ಅದೇ ದಿನ ಸಂಘಟನೆಯ ಹಿರಿಯ ಅಣ್ಣ ಒಬ್ಬರು ಫೋನ್ ಮಾಡಿ, "ಏನವ್ವಾ, ಚಳವಳಿ ಬಿಟ್ಟು ಸಾಹುಕಾರರ ಆಟಕ್ಕೆ ಬಿದ್ದೆಯಲ್ಲ" ಅಂದ್ರು. ಪ್ರೀತಿಯಿಂದಲೇ ಅಂದ್ರು. ಆದ್ರೂ ಚುಚ್ಚಿತು. ಎರಡಕ್ಕೂ ಸೇರಿಸಿ ಉತ್ತರ ಬರೀತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ.

ನಾನು ವೇಲ್ಸಿನ ಸ್ವಾನ್ಸಿ ಹತ್ತಿರ ನರ್ಸ್ ಕೆಲಸ ಮಾಡೋದು ನಿಮಗೆ ಗೊತ್ತು. ಅಲ್ಲಿಂದ ಪಶ್ಚಿಮಕ್ಕೆ ಪೆಂಬ್ರಿ ಅಂತ ಊರು. ಅಲ್ಲಿನ ಕೆವನ್ ಶಿಡಾನ್ ಕಡಲತೀರ ಸುಮಾರು 13 ಕಿಲೋಮೀಟರ್ ಉದ್ದ. ತೀರದ ಹಿಂದೆ ಮರಳ ದಿಬ್ಬ, ದಿಬ್ಬದ ಹಿಂದೆ ಪೈನ್ ಮರದ ಕಾಡು. 'ಬ್ಯಾಟಲ್ ಆನ್ ದ ಬೀಚ್' ಅನ್ನೋ ಸೈಕಲ್ ರೇಸ್ ನಡೆಯೋದು ಇಲ್ಲೇ. ಸುಮಾರು 15 ಕಿಲೋಮೀಟರಿನ ಸುತ್ತು, ಅಂಥವು ಮೂರು. ಪ್ರತಿ ಸುತ್ತಲ್ಲೂ ಹೆಚ್ಚುಕಮ್ಮಿ ಐದು ಕಿಲೋಮೀಟರ್ ಮರಳು. ಉಳಿದದ್ದು ಕಾಡಿನ ಜಲ್ಲಿ ದಾರಿ, ಬೇರು ಎದ್ದ ಕಾಲುದಾರಿ. ಸೈಕಲ್ ಆರಿಸೋ ಕಷ್ಟ ಇಲ್ಲೇ ಶುರುವಾಗೋದು. ಮರಳಿಗೆ ಒಗ್ಗಿದ್ದು ಕಾಡಿಗೆ ಒಗ್ಗಲ್ಲ.

ಮರಳಲ್ಲೂ ಒಂದೇ ಥರ ಇಲ್ಲ. ಈ ತೀರದಿಂದ ಸ್ವಲ್ಪ ಪಶ್ಚಿಮಕ್ಕೆ ಪೆಂಡೈನ್ ಅಂತ ಇನ್ನೊಂದು ಮರಳುತೀರ ಇದೆ. 1924ರಲ್ಲಿ ಮಾಲ್ಕಮ್ ಕ್ಯಾಂಪ್‌ಬೆಲ್ ಅಲ್ಲಿ ಗಂಟೆಗೆ 146 ಮೈಲಿ ವೇಗದಲ್ಲಿ ಕಾರು ಓಡಿಸಿ ದಾಖಲೆ ಮಾಡಿದ. ಅಲೆ ಹಿಂದೆ ಸರಿದ ಮೇಲೆ ಒದ್ದೆ ಮರಳು ಅಷ್ಟು ಗಟ್ಟಿ ಇರುತ್ತೆ. ಅದೇ ತೀರದಲ್ಲಿ ದಿಬ್ಬದ ಕಡೆಗೆ ನಡೆದ್ರೆ ಬೆಳ್ಳಗಿನ ಒಣ ಮರಳು, ಕಣಕಾಲು ಮಟ ಹೂತು ಹೋಗುತ್ತೆ. ನೀರಿಗೆ ತೀರಾ ಹತ್ತಿರ ಹೋದ್ರೂ ಕಷ್ಟ. ಕನ್ನಡಿ ಥರ ಹೊಳೆಯೋ ಮರಳು ಗಾಲಿಯನ್ನ ಹಿಡ್ಕೊಂಡುಬಿಡುತ್ತೆ. ಮಧ್ಯದ ಕಪ್ಪು ಪಟ್ಟಿಯೇ ದಾರಿ. ಅದೂ ಭರತ ಇಳಿತದ ಜೊತೆ ಜಾಗ ಬದಲಿಸ್ತಾ ಇರುತ್ತೆ.

ಇದನ್ನೆಲ್ಲ ಇಲ್ಲಿಗೆ ಬಂದ ಮೇಲೆ ಕಲಿತೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಅರ್ಧ ಕಲಿತದ್ದು ನಮ್ಮಪ್ಪನ ಹತ್ರ.

ನಮ್ಮದು ಹಿರಿಯೂರು ಕಡೆಯ ಮಾದಿಗರ ಹಟ್ಟಿ. ಮಾರಿಕಣಿವೆ ಕಟ್ಟೆಯ ಕೆಳಗೆ ವೇದಾವತಿ ಹೊಳೆ ಅಂದ್ರೆ ನಾನು ಚಿಕ್ಕವಳಿದ್ದಾಗ ವರ್ಷದ ಹೆಚ್ಚು ದಿನ ಬರೀ ಮರಳು. ಅಪ್ಪ ಹಳೇ ಲಾರಿ ಟೈರ್ ಕೊಯ್ದು ಚಪ್ಪಲಿ ಮಾಡಿ ಸಂತೆಗೆ ಒಯ್ತಿದ್ದ. ಮೂಟೆ ಸೈಕಲ್ ಕ್ಯಾರಿಯರ್ ಮೇಲೆ. ಹೊಳೆ ದಂಡೆಗೆ ಬಂದಾಗ ಇಳಿದು ಎರಡೂ ಗಾಲಿಯ ಗಾಳಿ ಅರ್ಧ ಬಿಡ್ತಿದ್ದ. ಟೈರು ಚಪ್ಪಟೆಯಾಗಿ ಅಗಲ ಆಗೋದು. ಮೂಟೆ ಸಮೇತ ಮರಳು ದಾಟಿಸಿ ಆಚೆ ದಂಡೇಲಿ ಮತ್ತೆ ಪಂಪು ಹೊಡೀತಿದ್ದ. "ನೆಲ ನೋಡಿ ಅಟ್ಟೆ ಕಣವ್ವಾ" ಅಂತಿದ್ದ. ಕುರಿ ಕಾಯೋರಿಗೆ ಮುಳ್ಳು ತಡೆಯೋ ಹಾಗೆ ದಪ್ಪ ಅಟ್ಟೆ. ಗದ್ದೆಗೆ ಹೋಗೋರಿಗೆ ಗೀರು ಆಳ ಇರೋದು. ಮರಳಲ್ಲಿ ನಡೆಯೋರಿಗೆ ನುಣ್ಣಗೆ, ಅಗಲ. ಟೈರಿನ ಯಾವ ಭಾಗ ಅಟ್ಟೆಗೆ, ಯಾವ ಭಾಗ ಪಟ್ಟಿಗೆ ಅಂತ ಹೆಬ್ಬೆರಳಲ್ಲಿ ಒತ್ತಿ ಹೇಳ್ತಿದ್ದ. ರೇಡಿಯಲ್ ಟೈರ್ ಬಂದ ಮೇಲೆ ಒಳಗಿನ ಉಕ್ಕಿನ ತಂತಿಗೆ ಕತ್ತಿ ಹಾಳಾಗ್ತಿದೆ ಅಂತ ಬೈತಿದ್ದ.

ಅಪ್ಪ ಇನ್ನೊಂದು ಕಡೆಯೂ ಸೈಕಲ್ಲಿಂದ ಇಳೀತಿದ್ದ. ಮೇಲಿನ ಬೀದೀಲಿ. ಅಲ್ಲಿ ಮರಳಿರಲಿಲ್ಲ. ಒಳ್ಳೇ ಸಿಮೆಂಟ್ ರಸ್ತೆ.

ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ತಲ್ಲ, ಮುಂದಿನ ವರ್ಷವೇ ನನಗೂ ಒಂದು ಬಂತು. ಹೈಸ್ಕೂಲ್ ದಾರಿ ಆ ಬೀದೀಲೇ ಹೋಗೋದು. "ಅಲ್ಲಿ ಇಳಿದು ಹೋಗವ್ವಾ" ಅಂದ ಅಪ್ಪ. ಇಳಿದೆ. ನಾಕೈದು ದಿನ ತಳ್ಕೊಂಡೇ ಹೋದೆ. ಆಮೇಲೆ ಹಟ್ಟಿಯ ಆರು ಹುಡುಗೀರು ಮಾತಾಡ್ಕೊಂಡು ಒಂದು ಬೆಳಿಗ್ಗೆ ಸಾಲಾಗಿ, ಗಂಟೆ ಬಾರಿಸ್ತಾ, ಇಳೀದೆ ಹೋದ್ವಿ. ಒಬ್ಬಳೇ ಆಗಿದ್ರೆ ನನಗೆ ಧೈರ್ಯ ಬರ್ತಿರಲಿಲ್ಲ. ಆ ಸಂಜೆ ಇಬ್ಬರು ಬಂದು ಅಪ್ಪನ ಜೊತೆ ಮಾತಾಡಿ ಹೋದ್ರು. ಎರಡು ತಿಂಗಳು ಆ ಬೀದಿಯಿಂದ ಒಂದು ಜೊತೆ ಚಪ್ಪಲಿ ರಿಪೇರಿಯೂ ಬರಲಿಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಬಹಳ ವರ್ಷ ಆದ ಮೇಲೆ. ಅಪ್ಪ ಆಗ ಏನೂ ಹೇಳಲಿಲ್ಲ. ಇಳಿ ಅಂತ ಮತ್ತೆ ಯಾವತ್ತೂ ಅನ್ನಲಿಲ್ಲ. ದಿನಾ ಬೆಳಿಗ್ಗೆ ನನ್ನ ಸೈಕಲ್ಲಿನ ಗಾಳಿ ಒತ್ತಿ ನೋಡೋನು, ಅಷ್ಟೆ.

ಈಗ ಸೈಕಲ್ ವಿಷಯ. ಹುಡುಗೀರೇ, ಇದು ನಿಮಗೆ.

ಈ ರೇಸಿಗೆ ಜನ ಮುಖ್ಯವಾಗಿ ಮೂರು ಥರದ ಸೈಕಲ್ ತರ್ತಾರೆ. ಒಂದು ಫ್ಯಾಟ್ ಬೈಕ್. ನಾಲ್ಕು ಇಂಚಿನ ಟೈರು. ಒಣ ಮರಳಲ್ಲಿ ಇದಕ್ಕೆ ಸಾಟಿ ಇಲ್ಲ, ತೇಲ್ಕೊಂಡು ಹೋಗುತ್ತೆ. ಆದ್ರೆ ಭಾರ. ಗಟ್ಟಿ ಮರಳಲ್ಲಿ, ಕಾಡಿನ ದಾರೀಲಿ ಆ ಭಾರವನ್ನ ಸುಮ್ಮನೆ ಹೊತ್ತು ತಿರುಗಬೇಕು. ಎರಡನೆಯದು ಬಾಗಿದ ಹ್ಯಾಂಡಲಿನ ಸೈಕ್ಲೋಕ್ರಾಸ್ ಅಥವಾ ಗ್ರಾವೆಲ್ ಬೈಕ್. ಹಗುರ, ಗಾಳಿಗೆ ತಲೆ ತಗ್ಗಿಸಿ ಓಡಿಸಬಹುದು, ಗಟ್ಟಿ ಮರಳಲ್ಲಿ ಬಾಣದ ಹಾಗೆ ಹೋಗುತ್ತೆ. ಆದ್ರೆ ಟೈರು ಸಪೂರ. ಮೆತ್ತನೆ ಜಾಗದಲ್ಲಿ ಕತ್ತಿ ಇಳಿದ ಹಾಗೆ ಇಳಿಯುತ್ತೆ. ಬೇರಿನ ದಾರೀಲಿ ಕೈ ನಡುಗಿಸಿಬಿಡುತ್ತೆ. ಮೂರನೆಯದು ಹಿಂದೆ ಶಾಕ್ ಅಬ್ಸಾರ್ಬರ್ ಇಲ್ಲದ ಸಾದಾ ಮೌಂಟೇನ್ ಬೈಕ್, 29 ಇಂಚಿನ ಗಾಲಿ. ಮೊದಲ ಸಲ ಹೋಗೋರಿಗೆ ನಾನು ಹೇಳೋದು ಇದನ್ನೇ. ಎಲ್ಲದರಲ್ಲೂ ಸ್ವಲ್ಪ ಸೋಲುತ್ತೆ, ಯಾವುದರಲ್ಲೂ ಪೂರ್ತಿ ಕೈಕೊಡಲ್ಲ. ಮುಂದಿನ ಫೋರ್ಕಿಗೆ ಲಾಕ್ ಇರಲಿ. ಮರಳಲ್ಲಿ ಅದು ಕುಣಿದಷ್ಟೂ ನಿಮ್ಮ ಕಾಲಿನ ಶಕ್ತಿ ಸೋರಿ ಹೋಗುತ್ತೆ.

ನಾನು ತಗೊಂಡಿದ್ದು ಸೆಕೆಂಡ್‌ಹ್ಯಾಂಡ್ ಅಲ್ಯುಮಿನಿಯಂ ಸೈಕಲ್, 300 ಪೌಂಡಿಗೆ. ಮುಂದೆ ಒಂದೇ ಚಕ್ರದ ಗೇರು. ಮರಳು ಸಿಕ್ಕಿಕೊಳ್ಳೋ ಭಾಗ ಕಮ್ಮಿ ಇದ್ದಷ್ಟೂ ಒಳ್ಳೇದು. ಉಳಿದ ದುಡ್ಡು ಟೈರಿಗೆ ಹಾಕಿದೆ. ಸೈಕಲ್ ಹಳೇದಾದ್ರೂ ನಡೆಯುತ್ತೆ, ಟೈರಲ್ಲಿ ಜಿಪುಣತನ ಬೇಡ.

ಅಂಗಡಿಯ ಹುಡುಗ ದೊಡ್ಡ ದೊಡ್ಡ ಹಲ್ಲಿರೋ ಟೈರ್ ತೋರಿಸಿದ. ಆಫ್‌ರೋಡ್ ಅಂದ್ರೆ ಹಲ್ಲು ಬೇಕು ಅಂತ ಅವನ ಲೆಕ್ಕ. ನನಗೆ ಅನುಮಾನ. ಹಲ್ಲು ಕೆಸರಿಗೆ ಸರಿ. ಮರಳಲ್ಲಿ ಅವು ಗುಂಡಿ ತೋಡ್ತವೆ. ಅಂಗಡಿಯಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಎರಡು ಟೈರ್ ಹಿಡಿದು ತೋರಿಸಿದೆ. "ಮಡಚಿ ತೋರ್ಸು" ಅಂದ. ಒಂದು ಬಟ್ಟೆ ಥರ ಮಡಚ್ಕೊಂತು, ಇನ್ನೊಂದು ಸೆಟೆದು ನಿಂತಿತು. "ಮಡಚೋದು ತಗೋ. ಅದು ನೆಲದ ಮಾತು ಕೇಳುತ್ತೆ." ಅಂಗಡಿಯ ಹುಡುಗ ನಂತರ ಡಬ್ಬಿ ನೋಡಿ ಹೇಳಿದ, ಮೆತ್ತಗಿರೋ ಟೈರಿನ ಒಳನೇಯ್ಗೆಯ ದಾರ ಸಣ್ಣ, ಇಂಚಿಗೆ ಎಳೆ ಜಾಸ್ತಿ ಅಂತ. ಅಪ್ಪ ಡಬ್ಬಿ ಓದಿರಲಿಲ್ಲ. ಅವನಿಗೆ ಓದೋಕೂ ಬರಲ್ಲ.

ಕೊನೆಗೆ ಹಿಂದಕ್ಕೆ 2.1 ಇಂಚಿನ, ಮಧ್ಯೆ ಹೆಚ್ಚುಕಮ್ಮಿ ನುಣ್ಣಗಿರೋ ಟೈರ್. ಮುಂದಕ್ಕೆ 2.25 ಇಂಚು, ಸಣ್ಣ ಹಲ್ಲು. ಪೈನ್ ಎಲೆ ಹಾಸಿದ ತಿರುವಲ್ಲಿ ಹಿಂದಿನ ಗಾಲಿ ಜಾರಿದ್ರೆ ಹಿಡ್ಕೋಬಹುದು. ಮುಂದಿನದು ಜಾರಿದ್ರೆ ಬಿದ್ದಂಗೇ.

ಟೈರಿಗಿಂತ ಮುಖ್ಯ ಒಳಗಿನ ಗಾಳಿ. ಲೆಕ್ಕ ಸುಲಭ. ನಾನು, ಸೈಕಲ್ಲು ಸೇರಿ 70 ಕಿಲೋ. ಅದರಲ್ಲಿ 40 ಕಿಲೋ ಹಿಂದಿನ ಗಾಲಿ ಮೇಲೆ ಅಂತಿಟ್ಕೊಳ್ಳಿ. ಒಂದು ಬಾರ್ ಒತ್ತಡ ಅಂದ್ರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಮೂರು ಬಾರ್ ಗಾಳಿ ತುಂಬಿದ್ರೆ ಟೈರು ನೆಲ ಮುಟ್ಟೋದು ಬರೀ 13 ಚದರ ಸೆಂಟಿಮೀಟರ್. 1.2 ಬಾರಿಗೆ ಇಳಿಸಿದ್ರೆ 33. ಸ್ಥೂಲ ಲೆಕ್ಕ, ಆದ್ರೆ ಹೂತುಹೋಗೋದಕ್ಕೂ ಮೇಲೆ ನಿಲ್ಲೋದಕ್ಕೂ ಇರೋ ವ್ಯತ್ಯಾಸ ಇಷ್ಟೇ. ಅಪ್ಪ ಹೊಳೆ ದಂಡೇಲಿ ಮಾಡ್ತಿದ್ದದ್ದು ಈ ಲೆಕ್ಕವನ್ನೇ.

ಗಾಳಿ ಕಮ್ಮಿ ಇಟ್ರೆ ಟ್ಯೂಬು ರಿಮ್ಮಿಗೆ ಸಿಕ್ಕಿ ಹರಿಯುತ್ತೆ. ಅದಕ್ಕೇ ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ತೂತು ಮುಚ್ಚೋ ದ್ರವ ಹಾಕಿಸಿ. ಅತಿ ಆಸೆಯೂ ಬೇಡ. ಅಭ್ಯಾಸದ ದಿನ ನಾನು 12 ಪಿಎಸ್‌ಐಗೆ ಇಳಿಸಿದ್ದೆ. ಮರಳಲ್ಲಿ ಹೂವಿನ ಥರ ಹೋಯ್ತು. ಕಾಡಿನ ಮೊದಲ ತಿರುವಲ್ಲಿ ಟೈರು ರಿಮ್ಮಿಂದ ಸರಿದು ಬುಸ್ ಅಂತು. ಮೊಣಕೈ ತರಚಿತು, ಎರಡು ಮೈಲಿ ತಳ್ಕೊಂಡು ಬಂದೆ. ರೇಸಿನ ದಿನ ಮುಂದೆ 16, ಹಿಂದೆ 18. ನಿಮ್ಮ ತೂಕ ಬೇರೆ, ನಿಮ್ಮ ಅಂಕಿ ಬೇರೆ. ಒಂದು ಸಲ ಮೊದಲೇ ಹೋಗಿ ಒಂದೊಂದೇ ಪಿಎಸ್‌ಐ ಇಳಿಸಿ ನೋಡಿ. ಮುಗಿದ ಕೂಡಲೇ ಸಿಹಿನೀರಲ್ಲಿ ತೊಳೆದು ಚೈನಿಗೆ ಎಣ್ಣೆ ಹಾಕಿ, ಇಲ್ಲಾಂದ್ರೆ ಉಪ್ಪು ತಿಂದುಬಿಡುತ್ತೆ.

ಇನ್ನು ಅಣ್ಣಾ, ನಿಮಗೆ.

ಇದು ದುಡ್ಡಿದ್ದೋರ ಆಟ ಅನ್ನೋದು ಸುಳ್ಳಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ಕೆಲವು ಸೈಕಲ್ಲಿನ ಬೆಲೇಲಿ ನಮ್ಮ ಹಟ್ಟೀಲಿ ಮನೆ ಕಟ್ಟಬಹುದಿತ್ತು. ಆದ್ರೆ ಧಾರವಾಡದಲ್ಲಿ ಹುಟ್ಟಿದ ಪಲವಂಕರ ಬಾಳೂ ನೆನಪು ಮಾಡ್ಕೊಳ್ಳಿ. ಚರ್ಮದ ಕೆಲಸದ ಜಾತಿಯವನು. ಪುಣೆಯಲ್ಲಿ ಅವನ ಬೌಲಿಂಗ್ ಬೇಕಿತ್ತು, ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಬೇರೆ ಲೋಟದಲ್ಲಿ. ಅವನು 1911ರಲ್ಲಿ ಇಂಗ್ಲೆಂಡಿಗೆ ಬಂದು ನೂರಕ್ಕೂ ಹೆಚ್ಚು ವಿಕೆಟ್ ತೆಗೆದ. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗೆ ಹೋಗಿದ್ದೂ ಬರೀ ಬಾಯಾರಿಕೆಗಲ್ಲ ಅಂತ ನನಗೆ ಕಲಿಸಿದ್ದು ನೀವೇ. ನಮಗೆ ಬರೀ ಅಗತ್ಯಗಳಿವೆ, ಇಷ್ಟಗಳಿಲ್ಲ ಅಂತ ಯಾರು ಹೇಳಿದ್ದು? ನಮ್ಮ ಮನೆಗೆ ಬಂದ ವಸ್ತುಗಳಲ್ಲಿ ಹೆಚ್ಚಿನವು ಇನ್ನೊಬ್ಬರು ಬಿಟ್ಟಿದ್ದು, ಇಲ್ಲಾ ಸರ್ಕಾರ ಕೊಟ್ಟಿದ್ದು. ಅಂಗಡೀಲಿ ನಿಂತು ಇದು ಬೇಡ, ಅದು ಕೊಡು ಅಂತ ಒಂದು ಸೈಕಲ್ ಟೈರಿಗೆ ಹೇಳೋಕೆ ನನಗೆ 31 ವರ್ಷ ಹಿಡೀತು. ಅದನ್ನ ಆರಿಸಿಕೊಟ್ಟದ್ದು, ಕೊಳಕು ಅಂತ ಊರು ದೂರ ಇಟ್ಟಿದ್ದ ಅದೇ ಕೈಯ ತಿಳಿವಳಿಕೆ. ಅದನ್ನ ಚಳವಳಿಯ ಲೆಕ್ಕಕ್ಕೆ ಸೇರಿಸ್ತೀರೋ ಬಿಡ್ತೀರೋ ನೀವೇ ಹೇಳಿ.

ರೇಸಿನ ದಿನ ಎದುರುಗಾಳಿ ಜೋರಿತ್ತು. ಮರಳಲ್ಲಿ ಒಬ್ಬರೇ ತುಳಿದ್ರೆ ಮುಂದೆ ಹೋಗೋದೇ ಕಷ್ಟ. ಏಳೆಂಟು ಜನ ಸಾಲು ಕಟ್ಟಿದ್ವಿ. ಮುಂದಿನವರು ಗಾಳಿ ತಿಂತಾರೆ, ಹಿಂದಿನವರಿಗೆ ಮರೆ. ಸುಸ್ತಾದಾಗ ಮುಂದಿನವರು ಪಕ್ಕಕ್ಕೆ ಸರಿದು ಹಿಂದಕ್ಕೆ ಬರ್ತಾರೆ. ನನ್ನ ಸರದಿ ಬಂದಾಗ ನಾನೂ ಮುಂದೆ ಹೋಗಿ ಗಾಳಿ ತಿಂದೆ. ಈ ದೇಶದಲ್ಲಿ ಬೇರೆ ಥರದ ಗೋಡೆಗಳಿವೆ, ಅದು ಇನ್ನೊಂದು ದಿನದ ಮಾತು. ಆ ಐದು ಕಿಲೋಮೀಟರಿನ ಸಾಲಲ್ಲಿ ನನಗೆ ನೆನಪಾಗಿದ್ದು ಆ ಆರು ಸರ್ಕಾರಿ ಸೈಕಲ್ಲುಗಳು.

ತೀರ ಬಿಟ್ಟು ದಿಬ್ಬ ಹತ್ತೋ ಜಾಗದಲ್ಲಿ ಒಣ ಮರಳು. ನನ್ನ ಸುತ್ತ ಇದ್ದೋರೆಲ್ಲ ಇಳಿದ್ರು. ಲಕ್ಷಗಟ್ಟಲೆ ಬೆಲೆಯ ಸೈಕಲ್ಲವರೂ ಇಳಿದು ತಳ್ಳಿದ್ರು, ನಾನೂ ತಳ್ಳಿದೆ. ಮೂರು ಸುತ್ತು ಮುಗಿಸೋಕೆ ಮೂರು ಗಂಟೆಗೆ ಹತ್ತು ನಿಮಿಷ ಕಮ್ಮಿ ಹಿಡೀತು. ನನ್ನ ಹಿಂದೆಯೂ ಜನ ಇದ್ರು, ಅಷ್ಟು ಸಾಕು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಎಷ್ಟನೇ ನಂಬರ್ ಬಂದೆ ಅಂತ ಕೇಳಲಿಲ್ಲ.

"ಇಳಿದ್ಯಾ?" ಅಂದ.

"ಮರಳಲ್ಲಿ ಇಳಿದೆ ಅಪ್ಪಾ. ಎಲ್ಲಾರೂ ಇಳಿದ್ರು."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಗಾಳಿ ಎಷ್ಟಿತ್ತು?"

ಜೈಭೀಮ್.