ಹೊಗೇನಕಲ್ಲಿಗೆ ಎರಡು ಸಲ

1986ರ ಬೇಸಿಗೆ ರಜೆ. ಹೊಸೂರಿನಿಂದ ಹೊರಟು ಕೃಷ್ಣಗಿರಿಯಲ್ಲೊಮ್ಮೆ, ಧರ್ಮಪುರಿಯಲ್ಲೊಮ್ಮೆ ಬಸ್ಸು ಬದಲಿಸಿ, ಪೆನ್ನಾಗರ ದಾಟಿ ಘಾಟಿ ಇಳಿಯುವ ಹೊತ್ತಿಗೆ ಅಮ್ಮ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಅರ್ಧ ಖಾಲಿಯಾಗಿತ್ತು. ಆಗಿನ್ನೂ ಕೃಷ್ಣಗಿರಿ ಜಿಲ್ಲೆ ಆಗಿರಲಿಲ್ಲ, ಅದಾದದ್ದು 2004ರಲ್ಲಿ. ಹೊಸೂರು, ಹೊಗೇನಕಲ್ಲು ಎರಡೂ ಧರ್ಮಪುರಿ ಜಿಲ್ಲೆಯವೇ. ಹೊಳೆಯ ಆಚೆ ದಡ ಮೈಸೂರು ಜಿಲ್ಲೆ.

ದೊಡ್ಡಪ್ಪ ಹರಿಗೋಲಿನವನನ್ನು ತಮಿಳಿನಲ್ಲಿ ಮಾತಾಡಿಸಿದರು. ಅವನು ರೇಟು ಹೇಳಿದ್ದು ಕನ್ನಡದಲ್ಲಿ. ಚೌಕಾಸಿ ಮುಗಿದದ್ದು ತೆಲುಗಿನಲ್ಲಿ. ಹೊಸೂರಿನವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ಅಲ್ಲಿನವರು ಪರಿಸಲ್ ಅನ್ನುವ ಆ ಹರಿಗೋಲು ಬಿದಿರ ದಬ್ಬೆ ಹೆಣೆದ ದೊಡ್ಡ ಬುಟ್ಟಿ. ಹಿಂದೆ ಚರ್ಮ ಹೊದಿಸುತ್ತಿದ್ದರಂತೆ. ನಾವು ಕೂತದ್ದಕ್ಕೆ ಪ್ಲಾಸ್ಟಿಕ್ ಚೀಲ ಹೊದಿಸಿ ಟಾರು ಬಳಿದಿದ್ದರು. ದಬ್ಬೆಗಳ ಸಂದಿಯಲ್ಲಿ ಒಂದು ಬೆರಳಷ್ಟು ನೀರು ನಿಂತಿತ್ತು. ದೊಡ್ಡಮ್ಮ ಟಿಫನ್ ಕ್ಯಾರಿಯರಿನ ಮುಚ್ಚಳದಲ್ಲಿ ಅದನ್ನು ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಎರಡೂ ಕಡೆ ಗೋಡೆಯಂತೆ ನಿಂತ ಬಂಡೆಯ ನಡುವೆ, ಇದ್ದ ಒಂದೇ ಹುಟ್ಟಿನಿಂದ ಅವನು ಬುಟ್ಟಿಯನ್ನು ಗರಗರ ತಿರುಗಿಸಿದ. ತಮ್ಮ ವಾಂತಿ ಮಾಡಿಕೊಂಡ. ಇನ್ನೂ ಮುಂದೆ ಹೋಗೋಣ ಎಂದು ದೊಡ್ಡಪ್ಪ ಹಟ ಹಿಡಿದರೆ, ಅವನು ನೀರಿನ ಬಣ್ಣ ನೋಡಿ, ‘ಇವತ್ತು ಬೇಡ ಸಾಮಿ’ ಅಂದ. ಅಷ್ಟೇ ಸುರಕ್ಷತೆ. ಏಳು ಜನರಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ, ಲೈಫ್ ಜಾಕೆಟ್ ಎಂಬ ಹೆಸರನ್ನೇ ಕೇಳಿರಲಿಲ್ಲ. ಆ ಕಾಲವೇ ಚೆನ್ನಾಗಿತ್ತು ಅನ್ನುವವರು ಇದನ್ನು ಯಾಕೋ ಮರೆತುಬಿಡುತ್ತಾರೆ.

ಈಚೆಗೆ ಮತ್ತೆ ಹೋದೆ, ದೇಂಕಣಿಕೋಟೆ, ಅಂಚೆಟ್ಟಿ ಮೇಲೆ ಕಾರಿನಲ್ಲಿ. ಹೊರಡುವ ಮುಂಚೆ ಮಗಳು ಫೋನು ನೋಡಿ, ‘ಅಪ್ಪಾ, ಬಿಳಿಗುಂಡ್ಲುನಲ್ಲಿ ನೀರು ಕಡಿಮೆ ಇದೆ, ಪರಿಸಲ್ ಬಿಡ್ತಾರೆ’ ಅಂದಳು. ಕರ್ನಾಟಕದಿಂದ ತಮಿಳುನಾಡಿಗೆ ಬರುವ ಕಾವೇರಿಯನ್ನು ಅಳೆಯುವ ಜಾಗ ಅದು, ನಮ್ಮ ಜಿಲ್ಲೆಯಲ್ಲೇ ಇದೆ. ವರ್ಷಕ್ಕೆ 177.25 ಟಿಎಂಸಿ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಅಲ್ಲಿನ ಲೆಕ್ಕಕ್ಕೇ. ಕ್ಯೂಸೆಕ್ಸ್ ಏರಿದರೆ ಜಿಲ್ಲಾಡಳಿತ ಹರಿಗೋಲು ನಿಲ್ಲಿಸುತ್ತದೆ. ನೀರಿನ ಬಣ್ಣ ನೋಡುವವರನ್ನು ಈಗ ಯಾರೂ ಕೇಳುವುದಿಲ್ಲ.

ಕೌಂಟರಿನಲ್ಲಿ ಟಿಕೆಟ್ಟು, ಎಲ್ಲರಿಗೂ ಜಾಕೆಟ್ಟು. ನನಗೆ ಸಿಕ್ಕಿದ್ದು ಹಿಂದಿನವರ ಬೆವರಿನಲ್ಲಿ ಒದ್ದೆಯಾಗಿತ್ತು. ಹಾಕಿಕೊಂಡೆ, ಈಜು ನನಗೆ ಇವತ್ತಿಗೂ ಬರುವುದಿಲ್ಲ. ಮೀನು ಹುರಿಯುವ ಹೆಂಗಸರು, ಎಣ್ಣೆ ತಿಕ್ಕುವವರು, ಹರಿಗೋಲಿನಲ್ಲೇ ಅಂಗಡಿ ಇಟ್ಟುಕೊಂಡು ಬಂದು ನಮ್ಮ ಬುಟ್ಟಿಗೆ ತಾಗಿ ನಿಲ್ಲುವವರು ಎಲ್ಲ ಇದ್ದಾರೆ. ಆಚೆ ದಡ ಮಾತ್ರ 1997ರಿಂದ ಚಾಮರಾಜನಗರ ಜಿಲ್ಲೆ.

ನಮ್ಮೂರಿನ ಹೊಳೆಯಲ್ಲಿ ಇಂಥ ವಿಹಾರದ ಮಾತೇ ಇಲ್ಲ. ನಂದಿಬೆಟ್ಟದ ಕಡೆಯಿಂದ ಬರುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆಯನ್ನೂ ಹೊತ್ತು ತರುತ್ತದೆ. ಹೊಸೂರಿನ ಪಕ್ಕದ ಕೆಲವರಪಳ್ಳಿ ಅಣೆಕಟ್ಟಿನ ಗೇಟು ತೆಗೆದರೆ ನೊರೆ ಏಳುತ್ತದೆ, ದೂರದಿಂದ ನೋಡಿದರೆ ಹತ್ತಿ ಹರವಿದ ಹಾಗೆ. ಕೊಳವೆಬಾವಿ ಕೊರೆದರೆ ಎಷ್ಟೋ ಕಡೆ ಫ್ಲೋರೈಡು. ಹಾಗಾಗಿಯೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆ. 2008ರಲ್ಲಿ ಅದಕ್ಕಾಗಿ ಎರಡೂ ರಾಜ್ಯಗಳಲ್ಲಿ ಗಲಾಟೆಯಾದಾಗ ಕನ್ನಡ ಮಾತಾಡುವ ನಮಗೆ ಯಾವ ಕಡೆ ನಿಲ್ಲಬೇಕೋ ತಿಳಿಯಲಿಲ್ಲ. 2013ರಲ್ಲಿ ಯೋಜನೆ ಶುರುವಾಯಿತು, ನಲ್ಲಿಯಲ್ಲಿ ಕಾವೇರಿ ಬಂತು, ಕುಡಿದೆವು.

ದಡಕ್ಕೆ ಬಂದಾಗ ಹರಿಗೋಲಿನ ಹುಡುಗ ಯಾವೂರು ಅಂತ ಕೇಳಿದ. ಹೊಸೂರು ಅಂದೆ.

‘ಹಂಗಾದ್ರೆ ನಮ್ ನೀರೇ ಕುಡಿಯೋದು ನೀವು’ ಅಂತ ನಕ್ಕು, ಟಿಕೆಟ್ಟಿನ ಮೇಲೆ ಇನ್ನೂರು ಕೇಳಿದ. ನೂರಕ್ಕೆ ಒಪ್ಪಿದ.