ಬಾಣಲೆಯ ಹೆಸರೇ ಊಟಕ್ಕೆ!

ಮಂಡಿಚಿಪ್ಪಿಗೆ ವೈದ್ಯರು ‘ಪಟೆಲ್ಲಾ’ ಎನ್ನುತ್ತಾರೆ. ಎಪ್ಪತ್ತು ದಾಟಿದ ನನ್ನಂಥವರಿಗೆ ಆ ಪದ ಚೆನ್ನಾಗಿಯೇ ಗೊತ್ತು. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ಪುಟ್ಟ ತಟ್ಟೆ. ಮಂಡಿಯ ಮೂಳೆ ನಮಗೆ ಚಿಪ್ಪಿನಂತೆ ಕಂಡಿತು, ಅವರಿಗೆ ತಟ್ಟೆಯಂತೆ ಕಂಡಿತು. ಇದೇ ಪದ ಹಳೆಯ ಫ್ರೆಂಚಿನ ದಾರಿಯಾಗಿ ಸ್ಪೇನ್ ದೇಶದ ವೆಲೆನ್ಸಿಯಾಕ್ಕೆ ಹೋಗಿ ಒಂದು ಅನ್ನದ ಅಡುಗೆಯ ಹೆಸರಾಯಿತು. ಅದೇ ‘ಪಾಯೇಯಾ’. ಇಂಗ್ಲಿಷಿನಲ್ಲಿ ಬರೆದಾಗ ನಡುವೆ ಎರಡು ‘ಎಲ್’ ಕಾಣುತ್ತವೆ. ಸ್ಪ್ಯಾನಿಷಿನವರು ಅದನ್ನು ‘ಯ’ ಎಂದು ಓದುತ್ತಾರೆ.

ವೆಲೆನ್ಸಿಯಾದವರ ಭಾಷೆಯಲ್ಲಿ ಪಾಯೇಯಾ ಎಂದರೆ ಬಾಣಲೆ. ಅಗಲವಾದ, ಸಮತಟ್ಟು ತಳದ, ಎರಡು ಹಿಡಿಗಳಿರುವ ಪಾತ್ರೆ. ಅದರಲ್ಲಿ ಬೇಯಿಸಿದ ಅನ್ನಕ್ಕೂ ಅದೇ ಹೆಸರು ಅಂಟಿಕೊಂಡಿತು. ನಮ್ಮ ತಟ್ಟೆ ಇಡ್ಲಿಗೆ ತಟ್ಟೆಯಿಂದ, ಕೊಟ್ಟೆ ಕಡುಬಿಗೆ ಎಲೆಯ ಕೊಟ್ಟೆಯಿಂದ ಹೆಸರು ಬಂದಿಲ್ಲವೇ? ಹಾಗೆ.

ವೆಲೆನ್ಸಿಯಾ ಊರಿನ ಪಕ್ಕದಲ್ಲೇ ಅಲ್ಬುಫೆರಾ ಎಂಬ ದೊಡ್ಡ ಸರೋವರವಿದೆ. ಸುತ್ತಲೂ ಗದ್ದೆಗಳು. ಅಲ್ಲಿಗೆ ಭತ್ತದ ಬೇಸಾಯ ತಂದವರು ಅರಬರು. ಅಕ್ಕಿಗೆ ಸ್ಪ್ಯಾನಿಷಿನಲ್ಲಿರುವ ‘ಅರ್ರೋಸ್’, ಕೇಸರಿಗಿರುವ ‘ಅಸಾಫ್ರಾನ್’, ಅಲ್ಬುಫೆರಾ ಎಂಬ ಹೆಸರು, ಮೂರೂ ಅರಬ್ಬಿಯಿಂದ ಬಂದವು. ಗದ್ದೆಯ ಜನ ಕೈಗೆ ಸಿಕ್ಕಿದ ಹುರುಳಿಕಾಯಿ, ಟೊಮೆಟೊ, ಅವರೆಯಂಥ ಕಾಳು, ಕೋಳಿ, ಮೊಲದ ಮಾಂಸ ಹಾಕಿ, ಕಿತ್ತಳೆ ಮರದ ಸೌದೆಯ ಉರಿಯಲ್ಲಿ ಅದನ್ನು ಬೇಯಿಸುತ್ತಿದ್ದರು. ನೀರು ಕುದಿದು ಅಕ್ಕಿ ಬಿದ್ದ ಮೇಲೆ ಸೌಟು ಆಡಿಸುವಂತಿಲ್ಲ. ಆಗಲೇ ತಳದಲ್ಲಿ ಗರಿಗರಿಯಾದ ಪದರ ಕಟ್ಟುವುದು. ಅದಕ್ಕೆ ‘ಸೊಕರ್ರಾತ್’ ಎಂದು ಹೆಸರು. ನಮ್ಮಲ್ಲಿ ಅನ್ನ ತಳ ಹಿಡಿದರೆ ಬೈಗುಳ, ಅಲ್ಲಿ ಅದಕ್ಕಾಗಿ ಪೈಪೋಟಿ!

ಇನ್ನು ಹೆಸರಿನ ಕಥೆ. ಸ್ಪ್ಯಾನಿಷಿನಲ್ಲಿ ‘ಪಾರಾ ಏಯಾ’ ಎಂದರೆ ‘ಅವಳಿಗಾಗಿ’. ಒಬ್ಬ ತನ್ನ ಪ್ರೀತಿಯ ಹುಡುಗಿಗಾಗಿ ಈ ಅಡುಗೆ ಮಾಡಿದ, ಅದೇ ಪಾಯೇಯಾ ಆಯಿತು ಎನ್ನುವವರಿದ್ದಾರೆ. ಉಳಿದದ್ದು ಎಂಬರ್ಥದ ಅರಬ್ಬಿ ಪದದಿಂದ ಬಂತು, ಅರಮನೆಯ ಊಟದಲ್ಲಿ ಮಿಕ್ಕಿದ್ದನ್ನು ಆಳುಗಳು ಮನೆಗೆ ಒಯ್ಯುತ್ತಿದ್ದರು ಎನ್ನುವವರೂ ಇದ್ದಾರೆ. ಎರಡೂ ಕೇಳಲು ಸೊಗಸು. ಕಥೆ ಹೇಳುವ ಅಜ್ಜ ಅಜ್ಜಿಯರಿಗೆ ಇಲ್ಲೇ ಧರ್ಮಸಂಕಟ. ಮೊಮ್ಮಕ್ಕಳಿಗೆ ಸೊಗಸಾದದ್ದನ್ನು ಹೇಳಬೇಕೋ, ನಿಜವಾದದ್ದನ್ನೋ? ನಾವು ಹೇಳಿದ್ದನ್ನು ಅವರು ಐವತ್ತು ವರ್ಷ ನೆನಪಿಟ್ಟುಕೊಂಡು ತಮ್ಮ ಮಕ್ಕಳಿಗೂ ಹೇಳುತ್ತಾರೆ.

ಬ್ಯಾಂಕಿನಲ್ಲಿ ನಾವು ಒಂದು ಪುಸ್ತಕದ ಲೆಕ್ಕವನ್ನು ಇನ್ನೊಂದರ ಜೊತೆ ತಾಳೆ ನೋಡದೆ ಒಪ್ಪುತ್ತಿರಲಿಲ್ಲ. ಪದಕ್ಕೂ ಅದೇ ನಿಯಮ ಸಾಕು. ಇಟಲಿಯಲ್ಲಿ ಬಾಣಲೆಗೆ ‘ಪದೆಲ್ಲಾ’ ಎನ್ನುತ್ತಾರೆ. ಫ್ರೆಂಚರ ‘ಪ್ವಾಲ್’ ಕೂಡ ಬಾಣಲೆಯೇ, ಅದೂ ಪಟೆಲ್ಲಾದ ಮಗಳು. ಅಕ್ಕತಂಗಿಯರೆಲ್ಲ ಬಾಣಲೆಗಳಾಗಿರುವಾಗ ಪಾಯೇಯಾ ಒಂದೇ ಪ್ರೇಮಕಥೆ ಹೇಗಾದೀತು? ಹಾಗೆಂದು ‘ಅವಳಿಗಾಗಿ’ ಕಥೆಯನ್ನು ಎಸೆಯಬೇಕಿಲ್ಲ. ಕಥೆಯನ್ನು ಕಥೆ ಎಂದೇ ಹೇಳಿ, ಆಮೇಲೆ ಬಾಣಲೆಯನ್ನು ತೋರಿಸಿದರಾಯಿತು. ತಾಳೆ ನೋಡುವ ಆಟ ಮಕ್ಕಳಿಗೆ ಕಥೆಯಷ್ಟೇ ಹಿಡಿಸುತ್ತದೆ.

ಹಳೆಯ ಪದ್ಧತಿಯಲ್ಲಿ ಪಾಯೇಯಾ ಬಡಿಸುವುದಿಲ್ಲ. ಬಾಣಲೆಯನ್ನೇ ನಡುವೆ ಇಟ್ಟು, ಮನೆಮಂದಿಯೆಲ್ಲ ಸುತ್ತ ಕುಳಿತು, ಚಮಚದಿಂದ ತಮ್ಮ ಮುಂದಿನ ಭಾಗವನ್ನು ಮಾತ್ರ ತಿನ್ನುತ್ತಾ ನಡುವಿನ ಕಡೆ ಬರುತ್ತಾರೆ. ಭಾನುವಾರದ ಮಧ್ಯಾಹ್ನದ ಊಟ ಅದು. 2021ರಲ್ಲಿ ವೆಲೆನ್ಸಿಯಾ ಸರ್ಕಾರ ಪಾಯೇಯಾವನ್ನು ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿತು.

ನಮ್ಮ ಅಟ್ಟಗಳ ಮೇಲೂ ಆಸ್ತಿ ಇದೆ. ತೂಕಕ್ಕೆ ಹಾಕಿಬಿಟ್ಟರೆ ಪಾತ್ರೆಯ ಜೊತೆಗೆ ಅದರ ಹೆಸರೂ ಹೋಗುತ್ತದೆ. ಮಕ್ಕಳೇ, ಈ ಭಾನುವಾರ ಅಜ್ಜಿಯನ್ನು ಕೂರಿಸಿಕೊಂಡು ಒಂದೊಂದೇ ಪಾತ್ರೆ ಇಳಿಸಿ. ಇದರ ಹೆಸರೇನು, ಇದರಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿ ಬರೆದಿಟ್ಟುಕೊಳ್ಳಿ.